ದೊಡ್ಡ ಅಣಬೆ, ಸಣ್ಣ ಅಣಬೆ

ಆಗಿನ ದಿನಗಳೆಲ್ಲ ಚೆನ್ನಾಗಿದ್ದವು ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ತಳೇಗಾಂವದ ನಮ್ಮ ಬಾಡಿಗೆ ಮನೆ ಆಗಲೂ ಸೋರುತ್ತಿತ್ತು, ಕರೆಂಟು ಆಗಲೂ ಹೋಗುತ್ತಿತ್ತು. ಆದರೆ ಮಳೆ ಹಿಡಿದ ಮೇಲೆ ಗುಡ್ಡದ ಇಳಿಜಾರಿನ ಕಾಡಿನಲ್ಲಿ, ಹುತ್ತದ ಸುತ್ತ ಅಣಬೆ ಏಳುತ್ತಿದ್ದುದು ಮಾತ್ರ ನಿಜ.

ಖಾನಾಪುರದ ಕಡೆಯವಳಾದ ಅವ್ವ ಅದನ್ನು ಅಳಂಬಿ ಎನ್ನುತ್ತಿದ್ದಳು. ದೊಡ್ಡವು ಅಂಗೈಯಗಲ. ಮೆಲ್ಲಗೆ ಅಲುಗಿಸಿ ಎಳೆದರೆ, ಒಳಗಿನ ಗೆದ್ದಲ ಗೂಡಿನಿಂದ ಮೊಳದುದ್ದದ ಬೇರು ಹಸಿಮಣ್ಣಿನ ವಾಸನೆಯೊಂದಿಗೆ ಮೇಲೆ ಬರುತ್ತಿತ್ತು. ಒಣಕೊಬ್ಬರಿ, ಬೆಳ್ಳುಳ್ಳಿ ಅರೆದು ಹಾಕಿ ಅವ್ವ ಪಲ್ಯ ಮಾಡಿದರೆ ರೊಟ್ಟಿ ಸಾಲುತ್ತಿರಲಿಲ್ಲ. ಅಲ್ಲೇ ಅಂಗಿಯ ಗುಂಡಿಯಷ್ಟು ಸಣ್ಣವೂ ಗುಂಪುಗುಂಪಾಗಿ ಏಳುತ್ತಿದ್ದವು. ಅವು ನಮ್ಮ ಗೊಂಬೆಗಳಿಗೆ ಛತ್ರಿ.

"ಕೀಳಬ್ಯಾಡ್ರೇ, ಮರಿ ಅದಾವ. ದೊಡ್ಡವಾಗ್ಲಿ," ಎಂದು ಅವ್ವ ಗದರುತ್ತಿದ್ದಳು.

ಒಂದು ವರ್ಷ ಅದೇ ಇಳಿಜಾರಿನ ಮರ ಕಡಿದು ಪ್ಲಾಟು ಹಾಕಿದರು. ಅಪ್ಪ ಒಂದನ್ನು ಕೊಂಡ. ಅದರಲ್ಲಿದ್ದ ಹುತ್ತ ಉಳಿಸುವುದಾಗಿ ಮಾತು ಕೊಟ್ಟ ಮೇಲೆಯೇ ಅವ್ವ ಒಪ್ಪಿದ್ದು. ಜೆಸಿಬಿ ಬಂದ ದಿನ ಅಪ್ಪ ಡ್ರೈವರನಿಗೆ ಮರಾಠಿಯಲ್ಲಿ, "ಭಾವು, ತೇವಢಂ ವಾರೂಳ ರಾಹೂ ದ್ಯಾ," ಅಂದ. ಹುತ್ತ ಒಂದನ್ನು ಬಿಡಪ್ಪ ಎಂದು. ಚಹಾ ತರಲು ಹೋಗಿ ಬರುವುದರೊಳಗೆ ನೆಲ ಸಪಾಟಾಗಿತ್ತು.

ಅವ್ವ ಅಪ್ಪನೊಂದಿಗೆ ಮಾತು ಬಿಟ್ಟಳು. ಆಮೇಲಿನ ಮಳೆಗೆ, ಚೆಲ್ಲಾಪಿಲ್ಲಿಯಾದ ಹುತ್ತದ ಮಣ್ಣಿನ ಮೇಲೆ ಸಣ್ಣ ಅಣಬೆಗಳು ಅಕ್ಕಿ ಚೆಲ್ಲಿದಂತೆ ಎದ್ದವು.

"ಎಲ್ಲಿ ಹೋಗ್ಯಾವು? ನಿನ್ನ ಅಳಂಬಿ ಇಲ್ಲೇ ಅದಾವಲ್ಲ!" ಅಪ್ಪ ಗೆದ್ದವನಂತೆ ಹೇಳಿದ.

ಅವ್ವನ ಮುಖ ಅರಳಿತು. ಆಡು ಬಾಯಿ ಹಾಕದಂತೆ ಬುಟ್ಟಿ ಬೋರಲು ಹಾಕಿದಳು. ನಾನು ಸುಮ್ಮನಿರಲಿಲ್ಲ. ಎರಡನೇ ದಿನ ಬುಟ್ಟಿ ಸರಿಸಿ ಒಂದನ್ನು ಕಿತ್ತು ತೋರಿಸಿದೆ.

"ಅವ್ವಾ, ಇವು ಮರಿ ಅಲ್ಲ. ಜಾತೀನ ಬ್ಯಾರೆ. ಬೇರ ಎಲ್ಲೆ ಅದ ತೋರಸು?"

"ಆಗ ಹುಟ್ಟಿದ ಕೂಸಿಗೆ ಹಲ್ಲಿರ್ತಾವೇನ, ವಕೀಲಮ್ಮಾ?"

"ಕೂಸು ಬೆಳೀತದ. ಇವು ನಿನ್ನೆ ಎಷ್ಟಿದ್ವೋ ಇವತ್ತೂ ಅಷ್ಟ ಅದಾವ."

"ನಿನಗ ಗೆದ್ದರ ಸಾಕು, ಅಲ್ಲ?"

ಮರುದಿನ ಬುಟ್ಟಿ ಎತ್ತಿದರೆ ಕಪ್ಪು ಲೋಳೆ, ಹುಳ. ಅವ್ವ ಬುಟ್ಟಿ ತೊಳೆಯಲು ಹೋದಳು. ನಾನು ಗೆದ್ದಿದ್ದೆ, ಅವತ್ತು ನಮ್ಮಲ್ಲಿ ಯಾರಿಗೂ ಊಟ ಸೇರಲಿಲ್ಲ.

ಈಗ ಆ ಪ್ಲಾಟಿನಲ್ಲಿ ನಮ್ಮದೇ ಮನೆ ಇದೆ. ಇಳಿಜಾರಿನ ತುಂಬ ಮನೆಗಳು, ಕಾಂಕ್ರೀಟು. ದೊಡ್ಡವು ಮತ್ತೆ ಏಳಲಿಲ್ಲ. ಸಣ್ಣವು ಒಂದೆರಡು ಮಳೆಗಾಲ ಕಾಣಿಸಿಕೊಂಡು ಅವೂ ನಿಂತವು. "ಮುಟ್ಟದಿದ್ರ ಬೆಳೀತಿದ್ವು," ಎಂದು ಅವ್ವ ಇವತ್ತಿಗೂ ಹೇಳುತ್ತಾಳೆ. ಎರಡೂ ಒಂದೇ ಕುಲದವಾದರೂ ಜಾತಿ ಬೇರೆ ಎಂದು ತೋರಿಸಿಕೊಡೋಣವೆಂದರೆ, ಅವಳ ಮುಂದಿಡಲು ನನ್ನ ಬಳಿ ದೊಡ್ಡದೂ ಇಲ್ಲ, ಸಣ್ಣದೂ ಇಲ್ಲ.