ಕ್ಯಾಲೆಂಡರಿನ ಮೊಳೆ ಮತ್ತು ಭೂಕಂಪ

ಇವತ್ತು ಬೆಳಿಗ್ಗೆ ಭೂಮಿ ನಡುಗಿದಾಗ ನಮ್ಮ ಬೀದಿಯವರೆಲ್ಲ ಹೊರಗೆ ಓಡಿದರು. ನಡೆಯಲಾಗದ ಅಮ್ಮನನ್ನು ಹೊತ್ತುಕೊಂಡು ನಾನೂ ಓಡಿದೆ. ಎಲ್ಲರಿಗಿಂತ ಜೋರಾಗಿ ಅನುಭವ ಹೇಳುತ್ತಿದ್ದವರು ನಮ್ಮ ಮನೆ ಓನರ್ ಆಂಟಿ.

"ದೇವರ ಮನೆ ಗಂಟೆ ತಾನಾಗೇ ಹೊಡ್ಕೊಳ್ತು ಕಣ್ರೀ! ಇಡೀ ಬಿಲ್ಡಿಂಗೇ ತೊಟ್ಟಿಲ ಥರ ತೂಗ್ತು!"

ಒಳಗೆ ಬಂದು ನೋಡಿದರೆ ಅಮ್ಮನ ಮಂಚದ ಮೇಲಿನ ಗೋಡೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಆಂಟಿಯನ್ನು ಕರೆದು ತೋರಿಸಿದೆ. ಅವರ ಕಣ್ಣಿಗೆ ಬಿದ್ದಿದ್ದು ಪಕ್ಕದ ಕ್ಯಾಲೆಂಡರಿನ ಮೊಳೆ.

"ಗೋಡೆಗೆ ಮೊಳೆ ಹೊಡೀಬೇಡಿ ಅಂತ ಬಾಡಿಗೆಗೆ ಬರೋವಾಗ್ಲೇ ಹೇಳಿದ್ದೆ ತಾನೇ?"

"ಆಂಟಿ, ಇದು ಭೂಕಂಪಕ್ಕೆ ಬಿಟ್ಟಿರೋದು. ಈಗ ತಾನೇ ನೀವೇ ಹೇಳಿದ್ರಲ್ಲ..."

"ಅಯ್ಯೋ, ಅದೇನ್ ಮಹಾ ಅಲ್ಲಾಡ್ತು? ಮೊಳೆ ಹೊಡೆದವ್ರು ನೀವು, ರಿಪೇರಿನೂ ನೀವೇ ಮಾಡಿಸ್ಕೊಳ್ಳಿ."

ಮತ್ತೆ ಬೀದಿಗೆ ಹೋದರು. ಈಗ ಗಂಟೆಯ ಜೊತೆ ಫ್ರಿಜ್ಜೂ ಕುಣಿಯಿತಂತೆ.

ನಮಗಿರುವುದು ಒಂದೇ ರೂಮು. ಅಮ್ಮನ ಮಂಚ ಹಿಡಿಸುವುದು ಆ ಗೋಡೆಯ ಪಕ್ಕ ಮಾತ್ರ. ಜಗಳವಾಡಿದರೆ ಮನೆ ಖಾಲಿ ಮಾಡಿ ಅನ್ನುತ್ತಾರೆ. ಮೊಳೆ ಕಿತ್ತು ಕೈಯಲ್ಲಿ ಹಿಡಿದು ಕೂತಿದ್ದೇನೆ.

ಗೆಳೆಯರೇ, ವಿಜಯನಗರ, ಕೆಂಗೇರಿ ಕಡೆಯೂ ನಡುಗಿತಂತೆ. ದಯವಿಟ್ಟು ಕ್ಷಮಿಸಿ. ಇಲ್ಲಿ ಗೋವಿಂದರಾಜನಗರದ ನಮ್ಮ ರೂಮಿನಲ್ಲಿ ನಾನು ಮೊಳೆ ಹೊಡೆದಿದ್ದೆ.