ಪೂರ್ತಿ ಬಿಚ್ಚದ ಕೇಬಲ್

ಒಳಗೇ ಅಡುಗೆ, ಮಲಗುವ ವ್ಯವಸ್ಥೆಯಿರುವ ಕ್ಯಾಂಪರ್ ವ್ಯಾನುಗಳು ತಂಗುವ ಮೈದಾನದಲ್ಲಿ ಎಲೆಕ್ಟ್ರಿಷಿಯನ್‌ಗೆ ಎಲ್ಲರೂ ಇಟ್ಟ ಹೆಸರು ನಿಧಾನಪ್ಪ. ಕಂಬದ ಸ್ವಿಚ್ ಆರಿಸಿ, ಅರ್ತಿಂಗ್ ಪರೀಕ್ಷಿಸಿ, ಕೇಬಲ್ಲನ್ನು ಸುರುಳಿಯಿಂದ ಪೂರ್ತಿ ಬಿಚ್ಚಿ ಹಾಸದೆ ಅವನು ಯಾರ ಬ್ಯಾಟರಿಗೂ ಕರೆಂಟು ಕೊಡುತ್ತಿರಲಿಲ್ಲ. "ಸುತ್ತಿದ್ದ ಹಾಗೇ ಕೊಟ್ರೆ ಒಳಗೊಳಗೇ ಕಾದು ಕರಗುತ್ತೆ ಕಣೋ," ಎನ್ನುತ್ತಿದ್ದ.

"ನಿನ್ನ ಶಾಸ್ತ್ರ ಮುಗಿಯೋದ್ರೊಳಗೆ ನನ್ನ ಬ್ಯಾಟರಿಗೆ ವಯಸ್ಸಾಗುತ್ತೆ," ಎಂದು ಅವನ ಗೆಳೆಯ, ಅಲ್ಲೇ ತನ್ನ ವ್ಯಾನು ನಿಲ್ಲಿಸಿಕೊಂಡಿದ್ದ ನಿವೃತ್ತ ಬಸ್ ಚಾಲಕ, ಛೇಡಿಸುತ್ತಿದ್ದ. ಒಂದು ಮಧ್ಯಾಹ್ನ ಚಾಲಕ ಅವನಿಗಾಗಿ ಕಾಯಲಿಲ್ಲ. ಅರ್ಧ ಬಿಚ್ಚಿದ ಸುರುಳಿಯಿಂದಲೇ ಬ್ಯಾಟರಿ ಚಾರ್ಜಿಗೆ ಹಾಕಿ, ಕರೆಂಟಿನ ಒಲೆಯನ್ನೂ ಹಚ್ಚಿದ. ಕೇಬಲ್ ಕರಗಿ ಹೊಗೆಯೆದ್ದು ಜನ ಸೇರಿದಾಗ, "ಇವನು ಕೊಟ್ಟ ಕೇಬಲ್ಲೇ ಸರಿಯಿರಲಿಲ್ಲ," ಎಂದುಬಿಟ್ಟ. ನಿಧಾನಪ್ಪ ಕರಗಿದ ಸುರುಳಿಯನ್ನು ಎತ್ತಿ ತಿರುಗಿಸಿ ನೋಡಿ, ಹಾಗೇ ಕೆಳಗಿಟ್ಟ. ಮೈದಾನದ ಮಾಲೀಕ ಅವನನ್ನು ಕೆಲಸದಿಂದ ಬಿಡಿಸಿದ.

ಚಾಲಕ ಆಮೇಲೆ ಅವನ ಮನೆಯ ಕಡೆ ತಲೆಹಾಕಲಿಲ್ಲ. ಎರಡು ವರ್ಷ ಕಳೆದು, ನಿಧಾನಪ್ಪ ತೀರಿಕೊಂಡ ಮೇಲೆ, ಅವನ ಹೆಂಡತಿಯ ಮುಂದೆ ಕುಳಿತು ನಿಜ ಹೇಳಿದ.

"ಅವರಿಗೆ ಅವತ್ತೇ ಗೊತ್ತಾಗಿತ್ತು ಅಣ್ಣ," ಎಂದಳು ಆಕೆ. "ಸುರುಳಿಯ ಒಳಸುತ್ತು ಮಾತ್ರ ಕರಗಿತ್ತಲ್ಲ. ನೀವಾಗೇ ಬಂದು ಹೇಳ್ತೀರಿ ಅಂತ ಪ್ರತಿ ಭಾನುವಾರ ಎರಡು ಲೋಟ ಕಾಫಿ ಮಾಡಿಸೋರು."

ಆ ಭಾನುವಾರಗಳನ್ನೆಲ್ಲ ತಾನು ಎಲ್ಲಿ ಕಳೆದೆನೆಂದು ಎಷ್ಟು ಯೋಚಿಸಿದರೂ ಚಾಲಕನಿಗೆ ನೆನಪಾಗಲಿಲ್ಲ.