ಶೀನಣ್ಣನ ತಗಡು

ನಾವುಂದದ ಶೀನಣ್ಣನ ಮನೆಯಲ್ಲಿ ಚಪ್ಪಲಿ ಬಿಡುವ ಜಾಗ ಎರಡಿದ್ದವು. ಒಂದು ಜಗಲಿಯ ಮೆಟ್ಟಿಲ ಬಳಿ, ಇನ್ನೊಂದು ಕಾರಿನ ಶೆಡ್ಡಿನ ಬಾಗಿಲಲ್ಲಿ. ಚಪ್ಪಲಿ ಹಾಕಿಕೊಂಡೇ ಜಗಲಿ ಏರಿದವರನ್ನು ಅವರು ಕ್ಷಮಿಸಿದ್ದುಂಟು. ಶೆಡ್ಡಿನೊಳಗೆ ಹಾಗೆ ಕಾಲಿಟ್ಟ ಸ್ವಂತ ಭಾವನನ್ನು ಮಾತ್ರ ಎರಡು ವರ್ಷ ಮಾತಾಡಿಸಿರಲಿಲ್ಲ.

ಶೆಡ್ಡಿನೊಳಗಿದ್ದದ್ದು ಬಾರಾಕುಡಾ ಎಂಬ ಅಮೆರಿಕನ್ ಕಾರು. ಅರ್ಧ ಶತಮಾನ ದಾಟಿದ್ದು, ಎಂಟು ಸಿಲಿಂಡರಿನದು, ಸ್ಟೇರಿಂಗು ಎಡಕ್ಕೆ. ಶೀನಣ್ಣ ಮುಂಬೈಯ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದಾಗ, ಯಾರೋ ಪರದೇಶದ ಅಧಿಕಾರಿ ಬಿಟ್ಟುಹೋದ ಈ ಕಾರು ಗುಜರಿ ಸೇರುವುದರಲ್ಲಿತ್ತಂತೆ. ಮದುವೆಗೆಂದು ಕೂಡಿಟ್ಟದ್ದನ್ನೆಲ್ಲ ಸುರಿದು ಅದನ್ನು ಕೊಂಡರು. ಮದುವೆ ಮೂರು ವರ್ಷ ಮುಂದಕ್ಕೆ ಹೋಯಿತು. ಅವರ ಹೆಂಡತಿ ಗುಲಾಬಕ್ಕ, "ನಾ ಈ ಮನೆಗೆ ಎರಡ್ನೇದಾಯ್ ಬಂದದ್ದ್" ಎಂದಾಗ ಹೊಸಬರು ಗಾಬರಿಯಾಗಿ ಶೀನಣ್ಣನ ಮುಖ ನೋಡುತ್ತಿದ್ದರು.

ಊರಿಗೆ ಬಂದ ಮೇಲೆ ದೋಣಿ ಇಂಜಿನ್ನುಗಳ ರಿಪೇರಿ ಅವರ ಹೊಟ್ಟೆಪಾಡಾಯಿತು. ಉಳಿದ ಹೊತ್ತೆಲ್ಲ ಬಾರಾಕುಡಾಕ್ಕೆ. ಸಮುದ್ರ ಮನೆಯಿಂದ ಕೂಗಳತೆಯಲ್ಲಿದೆ. ಇಲ್ಲಿಯ ಉಪ್ಪುಗಾಳಿ ಕಿಟಕಿಯ ಸರಳನ್ನೇ ತಿನ್ನುತ್ತದೆ. ಅಮೆರಿಕದ ಕಬ್ಬಿಣವೆಂದು ರಿಯಾಯಿತಿ ಕೊಡುವುದಿಲ್ಲ. ಮರದ ದೋಣಿಗೆ ಬಳಿಯುವ, ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪೆಣ್ಣೆಯನ್ನು ಶೀನಣ್ಣ ಕಾರಿನ ಅಡಿಗೂ ಸಂದುಗೊಂದಿಗೂ ಬಳಿದು, ಅದರ ಮೇಲೆ ಮೀನೆಣ್ಣೆ ಹಚ್ಚುತ್ತಿದ್ದರು. ಕೈಯ ಚರ್ಮ ಸುಲಿದು ಬರುತ್ತಿತ್ತು. ದಾರಿಯಲ್ಲಿ ಹೋಗುವ ಮೀನುಗಾರರು ಸುಮ್ಮನಿರುತ್ತಿರಲಿಲ್ಲ.

"ಹ್ವಾಯ್ ಶೀನಣ್ಣ, ಮಳಿಗಾಲ ಕಳ್ದ್ ಮೇಲೆ ಕಡ್ಲಿಗ್ ಇಳ್ಸ್ತ್ರಿಯಾ ಎಂತ?"

"ನಿಮ್ಮ್ ದೋಣಿ ಮುಳ್ಗಿರೆ ಹೇಳಿ, ಎಳೂಕ್ ಬತ್ತೆ."

ರಸ್ತೆಗೆ ಇಳಿಸಿದ್ದೇ ಅಪರೂಪ. ಹದಿನೈದು ವರ್ಷದ ಸ್ನೇಹದಲ್ಲಿ ನನಗೆ ಒಮ್ಮೆ ಮರವಂತೆಯವರೆಗೆ ಸವಾರಿಯ ಭಾಗ್ಯ ಸಿಕ್ಕಿತು. ಇನ್ನೇನು ಸುಖವಾಗಿ ಹಿಂದಕ್ಕೆ ಒರಗಬೇಕು, "ಒರಗ್ಬೇಡಿ ಮಾಷ್ಟ್ರೇ, ಅದ್ ಕಂಪೆನಿದೇ ಸೀಟ್" ಎಂದರು. ಹೋಗಿ ಬರುವಷ್ಟು ಹೊತ್ತೂ ಪರೀಕ್ಷೆ ಬರೆಯುವ ಹುಡುಗನ ಹಾಗೆ ನೆಟ್ಟಗೆ ಕುಳಿತಿದ್ದೆ.

ಅವರಿಗಿದ್ದ ಆಸೆ ಒಂದೇ. ಆ ದೊಡ್ಡ ಇಂಜಿನ್ ಕೂರಿಸಿಕೊಂಡೇ ಕಾರ್ಖಾನೆಯಿಂದ ಹೊರಟ ಬಾರಾಕುಡಾಗಳು ತೀರ ಕಡಿಮೆಯಂತೆ. ಅಂಥವುಗಳ ಪಟ್ಟಿ ಇಟ್ಟುಕೊಂಡ ಸಂಘವೊಂದು ಅಮೆರಿಕದಲ್ಲಿದೆ. ಆ ಪಟ್ಟಿಯಲ್ಲಿ ತಮ್ಮ ಕಾರೂ ಬರಬೇಕು, ಪಕ್ಕದಲ್ಲಿ ನಾವುಂದ ಎಂದಿರಬೇಕು. ಇಂಗ್ಲಿಷ್ ಮಾಷ್ಟ್ರಾಗಿ ನಿವೃತ್ತನಾದ ತಪ್ಪಿಗೆ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವರು ನನ್ನ ಜಗಲಿಯಲ್ಲಿ ಕಣ್ಣು ಮುಚ್ಚಿ ಕುಳಿತು ಕಾರಿಗೆ ಕಾರ್ಖಾನೆ ಕೊಟ್ಟ ನಂಬರನ್ನು ಮಂತ್ರದಂತೆ ಹೇಳುವರು. ನಾನು ಟೈಪು ಮಾಡಿ ಕಳಿಸುವೆ. ಉತ್ತರವಿಲ್ಲದೆ ವರ್ಷಗಳು ಕಳೆದವು. "ನಿಮ್ಮ್ ಇಂಗ್ಲಿಷ್ ಅವ್ರಿಗೆ ಅರ್ಥ ಆತಿಲ್ಲೆ ಕಾಂತ್" ಎಂದು ನನ್ನ ಇಡೀ ಸೇವಾವಧಿಯನ್ನು ಒಂದೇ ವಾಕ್ಯದಲ್ಲಿ ಮುಗಿಸಿದರು.

ಕಡೆಗೊಮ್ಮೆ ಉತ್ತರ ಬಂತು. ಬಹಳ ವಿನಯದ ಉತ್ತರ. ಬಾನೆಟ್ಟಿನ ಕೆಳಗೆ ಸ್ಕ್ರೂ ಹಾಕಿ ಕೂರಿಸಿದ ಪುಟ್ಟ ತಗಡೊಂದಿರುತ್ತದೆ, ಅದರ ಮೇಲೆ ಕಾರ್ಖಾನೆಯವರು ಒತ್ತಿದ ಅಂಕೆಗಳಿರುತ್ತವೆ, ಸ್ಪಷ್ಟವಾದ ಫೋಟೋ ಕಳಿಸಿದರೆ ಪಟ್ಟಿಗೆ ಸೇರಿಸುತ್ತೇವೆ. ಮರುದಿನ ಬೆಳಿಗ್ಗೆಯೇ ಶೀನಣ್ಣ, ಬಿಸಿಲಲ್ಲಿ ಫೋಟೋ ಚೆನ್ನಾಗಿ ಬರಲೆಂದು, ತಗಡನ್ನು ಬಿಚ್ಚಿ ಬಿಳಿ ಪಂಚೆಯಲ್ಲಿ ಸುತ್ತಿ ನನ್ನ ಜಗಲಿಗೆ ತಂದರು. ಪಂಚೆ ಬಿಡಿಸಿದೆವು. ಬೆಳ್ಳಿಯಂತೆ ಫಳಫಳ ಹೊಳೆಯುತ್ತಿತ್ತು. ಅಂಕೆ ಒಂದೂ ಇರಲಿಲ್ಲ.

ಆದದ್ದು ಇಷ್ಟು. ಕಾರಿಗೆಲ್ಲ ಕಪ್ಪೆಣ್ಣೆ ಬಳಿದವರು, ಅಂಕೆ ಮುಚ್ಚಿಹೋದೀತೆಂದು ಆ ತಗಡೊಂದನ್ನು ಬಿಟ್ಟಿದ್ದರು. ಬರಿದೆ ಬಿಟ್ಟದ್ದಕ್ಕೆ ತುಕ್ಕು ಹತ್ತಬಾರದಲ್ಲ. ಪ್ರತಿ ಶುಕ್ರವಾರ ದೇವರ ದೀಪ ಬೆಳಗುವಾಗ ಅದಕ್ಕೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷಗಳ ಶುಕ್ರವಾರಗಳು. ಬಾಯಿಪಾಠವಿದ್ದದ್ದನ್ನು ಓದುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ.

"ಇಷ್ಟ್ ವರ್ಷ ನೀವ್ ಕಂಡದ್ದಾರೂ ಎಂತ ಮರಾಯ್ರೆ?" ಎಂದು ಕೂಗಿದೆ.

"ಕಂಡದ್ದಲ್ಲ, ತಿಕ್ಕದ್ದ್" ಎಂದರು ಸಣ್ಣ ದನಿಯಲ್ಲಿ.

ನನಗೆ ತಡೆಯಲಾಗಲಿಲ್ಲ. ಕುಂದಾಪುರದಲ್ಲಿ ಮದುವೆ ಉಡುಗೊರೆಯ ಪಾತ್ರೆಗಳ ಮೇಲೆ ಹೆಸರು ಕೊರೆದುಕೊಡುವವರಿದ್ದಾರೆ. ನಂಬರು ನಿಮಗೆ ಬಾಯಿಪಾಠ. ಹೊಸ ತಗಡು ಹತ್ತು ನಿಮಿಷದ ಕೆಲಸ ಎಂದೆ. ಪರೀಕ್ಷೆಯಲ್ಲಿ ಮಕ್ಕಳ ನಕಲು ಚೀಟಿ ಹಿಡಿದೇ ಹೆಸರು ಮಾಡಿದ ಮನುಷ್ಯ ನಾನು.

"ಅದ್ ಸುಳ್ಳಲ್ದಾ ಮಾಷ್ಟ್ರೇ?"

"ಅಂಕೆ ನಿಜವೇ ಅಲ್ದಾ?"

"ಅಂಕೆ ನಿಜ, ತಗಡ್ ಸುಳ್ಳ್. ನೀವ್ ಮಕ್ಳಿಗೆ ಇದನ್ನೇ ಕಲ್ಸದ್ದಾ?"

ಯಾರಿಗಾಗಿ ಹದಿನೈದು ವರ್ಷ ನನ್ನ ಇಂಗ್ಲಿಷನ್ನು ಸವೆಸಿದೆನೋ ಅವರಿಂದ ನನಗೇ ನೀತಿಪಾಠ! ಸಂಘಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿ, ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಸಂಘದ ಎರಡನೆಯ ಉತ್ತರ ಬರುವಾಗ ಶೀನಣ್ಣ ಹಾಸಿಗೆ ಹಿಡಿದಿದ್ದರು. ಮಾಲೀಕರಲ್ಲದ ಯಾರಾದರೂ, ಸವೆಯುವ ಮೊದಲು ಆ ತಗಡನ್ನು ಕಾರಿನಲ್ಲೇ ಕಣ್ಣಾರೆ ಓದಿದವರು, ಹಾಗೆಂದು ಬರೆದು ಸಹಿ ಹಾಕಿದರೆ ಸಾಕು ಎಂದಿತ್ತು. ಓದಿ ಹೇಳಿದೆ. ಅವರು ಮೊಣಕೈ ಊರಿ ಎದ್ದು ಕುಳಿತರು.

"ಹಾಂಗಾರೆ ನೀವಿದ್ರಿ ಅಲ್ದಾ! ನೀವ್ ಕಂಡಿದ್ರಿ!"

ನೂರು ಸಲ ಅವರು ಬಾನೆಟ್ ಎತ್ತಿ "ಬನ್ನಿ, ಕಾಣಿ" ಎಂದು ಕರೆದಿದ್ದರು. ನೂರು ಸಲವೂ ನಾನು ಮೀನೆಣ್ಣೆಯ ವಾಸನೆಗೆ ಹೇಸಿ, ದೂರದಲ್ಲೇ ನಿಂತು "ಭೇಷ್" ಎಂದಿದ್ದೆ. ಒಮ್ಮೆಯೂ ಬಗ್ಗಿ ನೋಡಿದವನಲ್ಲ.

"ಕಂಡಿದ್ದೆ" ಎಂದೆ.

"ಸರಿಯಾಯ್ ಬರೀಕ್ ಅಲ್ದಾ? ಯಾವ್ ಬದಿಗಿತ್ತ್ ಹೇಳಿ ಕಾಂಬ."

"ಬಲಬದಿಗೆ."

ಅವರು ಮೆಲ್ಲಗೆ ಮಲಗಿ, ಒಳಗೆ ಮುಖ ಮಾಡಿ ಕೂಗಿದರು: "ಗುಲಾಬಿ, ಮಾಷ್ಟ್ರಿಗೆ ಒಂದ್ ಚಾ ಕೊಡ್."

ಕಾರಿನ ಮಾತು ಮತ್ತೆ ಎತ್ತಲಿಲ್ಲ. ಅದೇ ವಾರ ತೀರಿಕೊಂಡರು.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಒಂದು ದಿನ ಗುಲಾಬಕ್ಕನನ್ನು ಕೇಳಿ ಬಾನೆಟ್ ಎತ್ತಿ, ಮೊದಲ ಸಲ ಒಳಗೆ ಬಗ್ಗಿದೆ. ಗಟ್ಟಿಯಾಗಿ ಕಟ್ಟಿದ ಕಪ್ಪೆಣ್ಣೆಯ ನಡುವೆ ಬೆಂಕಿಪೊಟ್ಟಣದಷ್ಟು ಜಾಗ ಖಾಲಿಯಿತ್ತು, ಎರಡು ಸ್ಕ್ರೂ ತೂತುಗಳಿದ್ದವು. ಎಡಬದಿಗೆ.